ಹತ್ತು ಪ್ರಶ್ನೆ, ಹತ್ತು ನಿಮಿಷ

ಗದಗ ಜಿಲ್ಲೆಯ ಬಡಗಣ ಭಾಗದಲ್ಲಿ ಮೂರು ತಾಲ್ಲೂಕು ಊರುಗಳಿವೆ. ಗುಡ್ಡದ ಕೋಟೆಯ ನೆರಳಿನಲ್ಲಿ ನರಗುಂದ. ಎರೆಹೊಲಗಳ ನಡುವೆ ರೋಣ. ಒಂದು ಕಡೆ ಮಗ್ಗಗಳ ಸದ್ದು, ಇನ್ನೊಂದು ಕಡೆ ಬೆಟ್ಟದ ಮೇಲೆ ತಿರುಗುವ ಗಾಳಿಯಂತ್ರಗಳ ಸಾಲು, ಇವೆರಡರ ನಡುವೆ ಗಜೇಂದ್ರಗಡ. ಮೂರೂ ಊರುಗಳಲ್ಲಿ ಪದವಿ ಕಾಲೇಜುಗಳಿವೆ. ಬೆಳಗಾದರೆ ಸುತ್ತಣ ಹಳ್ಳಿಗಳಿಂದ ಬಸ್ಸುಗಳು ತುಂಬಿ ಬರುತ್ತವೆ. ಆ ಬಸ್ಸುಗಳಿಂದ ಇಳಿಯುವ ಹುಡುಗರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದ ಮೊದಲಿಗರು. ಕಡಲೆಯನ್ನೋ ಹತ್ತಿಯನ್ನೋ ಮಾರಿ ಬಂದ ಹಣ ಅವರ ಶುಲ್ಕವಾಗಿದೆ. ತಂದೆತಾಯಿಗಳು ಅವರ ಮೇಲೆ ಇಟ್ಟಿರುವ ಆಸೆ ಆ ಶುಲ್ಕಕ್ಕಿಂತ ಬಲು ದೊಡ್ಡದು.

ಇಂತಹ ಊರುಗಳಲ್ಲಿ ಗುಟ್ಟು ಉಳಿಯುವುದು ಕಷ್ಟ. ಹುಡುಗನೊಬ್ಬ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಕೊಠಡಿಯ ಮುಂದೆ ಕುಳಿತಿದ್ದನೆಂದರೆ ಸಂಜೆಯೊಳಗೆ ಆ ಸುದ್ದಿ ಅವನ ಹಳ್ಳಿಯ ಕಟ್ಟೆಯನ್ನು ಮುಟ್ಟಿರುತ್ತದೆ. ಅದೇ ಹುಡುಗ ಮದ್ಯದಂಗಡಿಯ ಮುಂದೆ ನಿಂತಿದ್ದನೆಂದರೆ ಅದು ಸುದ್ದಿಯೇ ಅಲ್ಲ. ಶನಿವಾರದ ಸಂಜೆ ಅಲ್ಲಿ ನಿಂತವರು ಹಲವರು! ಕುಡಿಯುವುದಕ್ಕೆ ಅಡ್ಡಬಾರದ ನಾಚಿಕೆ, ಕುಡಿತದ ವಿಷಯ ಮಾತನಾಡುವುದಕ್ಕೆ ಮಾತ್ರ ಬಂದು ಅಡ್ಡ ನಿಲ್ಲುತ್ತದೆ. ತಂದೆಯೊಡನೆ ಆಡುವಂತಿಲ್ಲ, ಆಡಿದರೆ ಓದು ನಿಂತೀತು. ಅಧ್ಯಾಪಕರೊಡನೆ ಆಡುವಂತಿಲ್ಲ, ಹೆಸರು ಕೆಟ್ಟೀತು. ಗೆಳೆಯರೊಡನೆ ಆಡಿದರೆ ನಗುತ್ತಾರೆ. ಕೊನೆಗೆ ಉಳಿಯುವುದು ಅಂಗಿಯ ಕಿಸೆಯಲ್ಲಿರುವ ಮೊಬೈಲು ಫೋನು ಒಂದೇ.

ಆ ಫೋನಿನ ಮೂಲಕವೇ ಹುಡುಗರ ಕುಡಿತವನ್ನು ತಗ್ಗಿಸಬಹುದೇ ಎಂಬ ಪ್ರಯೋಗ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಹೊರದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ನಡೆದುಬಂದಿದೆ. ವಿಧಾನ ಸರಳವಾದುದು. ವಿದ್ಯಾರ್ಥಿ ಅಂತರ್ಜಾಲದಲ್ಲಿ ಒಂದು ಪುಟವನ್ನು ತೆರೆಯುತ್ತಾನೆ. ಅಲ್ಲಿ ಕೆಲವು ಪ್ರಶ್ನೆಗಳು. ಉತ್ತರಿಸಲು ಹತ್ತು ನಿಮಿಷ ಸಾಕು. ಉತ್ತರ ಮುಗಿದೊಡನೆ ಅವನ ಕುಡಿತದ ಚಿತ್ರ ಅವನ ಕಣ್ಣೆದುರಿಗೆ ಅಂಕಿಗಳಲ್ಲಿ ಮೂಡುತ್ತದೆ: ಎಷ್ಟು ಕುಡಿಯುತ್ತಾನೆ, ಅದಕ್ಕೆ ವರ್ಷಕ್ಕೆ ಎಷ್ಟು ಹಣ ಹೋಗುತ್ತದೆ, ತನ್ನ ಓರಗೆಯವರ ನಡುವೆ ಅವನು ಎಲ್ಲಿ ನಿಲ್ಲುತ್ತಾನೆ, ಅಪಾಯ ಯಾವ ಮಟ್ಟದ್ದು. ಉಪದೇಶವಿಲ್ಲ, ಗದರಿಕೆಯಿಲ್ಲ, ಆಣೆ ಪ್ರಮಾಣಗಳಿಲ್ಲ. ಓದಿದವನು ಪುಟವನ್ನು ಮುಚ್ಚಿ ತನ್ನ ಪಾಡಿಗೆ ತಾನು ಹೋಗುತ್ತಾನೆ. ಇಷ್ಟರಿಂದ ಏನಾದೀತು ಎಂದು ಹಿರಿಯರು ಹುಬ್ಬೇರಿಸಬಹುದು. ಹುಬ್ಬೇರಿಸುವುದು ನ್ಯಾಯವೇ. ಆದರೆ ಅದಕ್ಕೆ ಮುನ್ನ ಆ ಪ್ರಶ್ನೆಗಳನ್ನು ನೋಡಬೇಕು.

ಹೆಚ್ಚಿನ ಕಡೆ ಬಳಕೆಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳಲ್ಲಿ ಪರೀಕ್ಷಿಸಿ 1989ರಲ್ಲಿ ಹೊರತಂದ ಹತ್ತು ಪ್ರಶ್ನೆಗಳ ಪಟ್ಟಿ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಒಂದು ಸಲಕ್ಕೆ ಎಷ್ಟು, ಅತಿಯಾಗಿ ಕುಡಿಯುವುದು ಎಷ್ಟು ಸಲ ಎಂಬವು ಮೊದಲ ಮೂರು. ಆರಂಭಿಸಿದ ಮೇಲೆ ನಿಲ್ಲಿಸಲಾಗದೆ ಹೋದದ್ದುಂಟೆ, ಮಾಡಬೇಕಾದ ಕೆಲಸ ತಪ್ಪಿತೆ, ಬೆಳಗ್ಗೆ ಎದ್ದೊಡನೆ ಬೇಕೆನಿಸಿತೆ ಎಂಬವು ಮುಂದಿನ ಮೂರು. ಪಶ್ಚಾತ್ತಾಪವಾಯಿತೆ, ಹಿಂದಿನ ರಾತ್ರಿ ನಡೆದದ್ದು ಮರೆತುಹೋಯಿತೆ, ತನಗೋ ಇತರರಿಗೋ ಪೆಟ್ಟಾಯಿತೆ, ಯಾರಾದರೂ ಚಿಂತೆಪಟ್ಟು ಹೇಳಿದರೆ ಎಂಬವು ಕೊನೆಯ ನಾಲ್ಕು. ಒಟ್ಟು ಅಂಕ 40. ಎಂಟು ಅಥವಾ ಅದಕ್ಕೆ ಮೇಲ್ಪಟ್ಟು ಬಂದರೆ ಕುಡಿತ ಅಪಾಯದ ಗೆರೆಯನ್ನು ಮುಟ್ಟಿದೆ ಎಂದು ಅರ್ಥ. ಈ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವನೇ ಬುದ್ಧಿವಂತ!

ಕ್ವಾರ್ಟರಿನ ಲೆಕ್ಕ

ಕುಡಿಯುವವನಿಗೆ ತಾನು ಕುಡಿಯುವುದು ಎಷ್ಟೆಂದು ಚೆನ್ನಾಗಿ ಗೊತ್ತಿರುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ವಾಸ್ತವದಲ್ಲಿ ಅವನಿಗೆ ಗೊತ್ತಿರುವುದು ಬಾಟಲಿಯ ಹೆಸರು ಮಾತ್ರ. ‘ಒಂದೇ ಕ್ವಾರ್ಟರು’ ಎಂದು ಅವನು ಹೇಳುವಾಗ ಆ ‘ಒಂದೇ’ ಎಂಬ ಮಾತಿನಲ್ಲಿ ಒಂದು ಸಮಾಧಾನವಿದೆ. ಲೆಕ್ಕ ಮಾಡಿ ನೋಡಿದರೆ ಆ ಸಮಾಧಾನ ನಿಲ್ಲುವುದಿಲ್ಲ.

ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್ಮು, ಬ್ರಾಂದಿಗಳಲ್ಲಿ ನೂರಕ್ಕೆ 42.8 ಪಾಲು ಮದ್ಯಸಾರ. ಕ್ವಾರ್ಟರು ಎಂದರೆ 180 ಮಿಲಿಲೀಟರು. ಅದರೊಳಗಿರುವ ಅಪ್ಪಟ ಮದ್ಯಸಾರದ ತೂಕ ಸುಮಾರು 60 ಗ್ರಾಂ. ಭಾರತದ ವೈದ್ಯರು 10 ಗ್ರಾಮನ್ನು ಒಂದು ಅಳತೆ ಎಂದು ಎಣಿಸುತ್ತಾರೆ. ಅಂದರೆ ‘ಒಂದೇ ಕ್ವಾರ್ಟರು’ ಆರು ಅಳತೆ. ಜನ ‘ನೈಂಟಿ’ ಎಂದು ಕರೆಯುವ 90 ಮಿಲಿಲೀಟರಿನ ಟೆಟ್ರಾ ಪ್ಯಾಕೆಟ್ಟು ಮೂರು ಅಳತೆ. ‘ಬೀರಿನಲ್ಲಿ ಏನೂ ಇಲ್ಲ’ ಎನ್ನುವವರುಂಟು. ಸ್ಟ್ರಾಂಗ್ ಬೀರಿನ 650 ಮಿಲಿಲೀಟರಿನ ಬಾಟಲಿ ಮೂರೂವರೆಯಿಂದ ನಾಲ್ಕು ಅಳತೆಯಷ್ಟು ಆಗುತ್ತದೆ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ‘ಅತಿಕುಡಿತ’ದ ಲೆಕ್ಕಕ್ಕೆ ಸೇರಿಸುತ್ತದೆ. ನಮ್ಮ ಹುಡುಗ ಮಿತವೆಂದು ತಿಳಿದದ್ದು ಆ ಗೆರೆಯ ಮೇಲೆಯೇ ಇದೆ.

ಇನ್ನು ಮಾರನೆಯ ಬೆಳಗಿನ ಮಾತು. ಅರವತ್ತು ಕಿಲೋ ತೂಕದ ಹುಡುಗನೊಬ್ಬ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಒಂದು ಕ್ವಾರ್ಟರನ್ನು ಬೇಗಬೇಗನೆ ಮುಗಿಸಿದನೆಂದು ಇಟ್ಟುಕೊಳ್ಳಿ. ಊಟ ಮತ್ತು ದೇಹಪ್ರಕೃತಿಗಳಿಂದ ಸ್ವಲ್ಪ ಹೆಚ್ಚುಕಡಿಮೆಯಾದರೂ, ಅವನ 100 ಮಿಲಿಲೀಟರು ರಕ್ತದಲ್ಲಿ ಮದ್ಯಸಾರ ನೂರನಲವತ್ತು ಮಿಲಿಗ್ರಾಮಿನ ಸಮೀಪಕ್ಕೆ ಏರಬಹುದು. ವಾಹನ ನಡೆಸುವವನಿಗೆ ಕಾನೂನು ಬಿಟ್ಟುಕೊಟ್ಟಿರುವುದು 30 ಮಿಲಿಗ್ರಾಂ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಅದನ್ನು ಕರಗಿಸುತ್ತ ಬರುತ್ತದೆ. ಚಹಾ ಕುಡಿದರೂ, ತಲೆಗೆ ತಣ್ಣೀರು ಸುರಿದರೂ, ಮಜ್ಜಿಗೆ ಕುಡಿದರೂ ಅದು ತನ್ನ ವೇಗವನ್ನು ಬದಲಿಸುವುದಿಲ್ಲ. ಬೆಳಗಿನ ಐದೂವರೆ ಆರರವರೆಗೆ ಅವನು ಕಾನೂನಿನ ಕಣ್ಣಿನಲ್ಲಿ ಕುಡಿದವನೇ. ಮಧ್ಯರಾತ್ರಿ ಮೋಟಾರುಬೈಕು ಹತ್ತಿ ಊರಿಗೆ ಹೊರಟರಂತೂ ಹೇಳುವುದೇ ಬೇಡ. 2019ರ ತಿದ್ದುಪಡಿಯ ಮೇಲೆ ಮೊದಲ ತಪ್ಪಿಗೇ 10,000 ರೂಪಾಯಿ ದಂಡವಾಗಲಿ ಆರು ತಿಂಗಳವರೆಗಿನ ಸೆರೆಯಾಗಲಿ ಬರಬಹುದು. ಆದರೆ ಆ ಕತ್ತಲ ದಾರಿಯಲ್ಲಿ ಅವನನ್ನು ಕಾಯುತ್ತಿರುವುದು ಪೋಲೀಸರು ಮಾತ್ರವಲ್ಲ. ದೀಪವಿಲ್ಲದೆ ನಿಂತ ಟ್ರ್ಯಾಕ್ಟರೂ ಇರುತ್ತದೆ.

ಈ ಲೆಕ್ಕವನ್ನು ತಂದೆ ಹೇಳಿದರೆ ಮಗನಿಗೆ ಕೋಪ ಬರುತ್ತದೆ. ಪುಟ ಹೇಳಿದರೆ ಬರುವುದಿಲ್ಲ. ಏಕೆಂದರೆ ಅಂಕಿಗಳನ್ನು ತುಂಬಿದವನು ತಾನೇ. ವಾರಕ್ಕೆ 200 ರೂಪಾಯಿ ಎಂದು ತಾನೇ ಬರೆದವನಿಗೆ ವರ್ಷಕ್ಕೆ 10,400 ಎಂದು ಉತ್ತರ ಬಂದಾಗ ಯಾರೊಡನೆ ವಾದಿಸುವುದು?

ಒಂದೇ ಮಾತುಕತೆಯ ಕಥೆ

ಕಿರಿದಾದ ಸಲಹೆಯಿಂದ ಹಿರಿದಾದ ರೋಗ ಹೋಗುವುದೇ ಎಂಬ ಪ್ರಶ್ನೆ ಹೊಸದಲ್ಲ. 1977ರಲ್ಲಿ ಲಂಡನ್ನಿನ ಗ್ರಿಫಿತ್ ಎಡ್ವರ್ಡ್ಸ್ ಎಂಬ ಮನೋವೈದ್ಯರು ತಮ್ಮ ಸಂಗಡಿಗರೊಡನೆ ಒಂದು ವರದಿಯನ್ನು ಪ್ರಕಟಿಸಿದರು. ಕುಡಿತಕ್ಕೆ ಸಿಕ್ಕಿದ ನೂರು ಮಂದಿ ವಿವಾಹಿತ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಅಂದು ದೊರೆಯುತ್ತಿದ್ದ ಪೂರ್ಣ ಚಿಕಿತ್ಸೆ. ಉಳಿದವರಿಗೆ ಹೆಂಡತಿಯ ಜತೆಯಲ್ಲಿ ಕೂಡಿಸಿ ಒಂದೇ ಒಂದು ಸಲ ಸಲಹೆಯ ಮಾತುಕತೆ. ವರ್ಷದ ತರುವಾಯ ನೋಡಿದರೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ವೈದ್ಯಲೋಕಕ್ಕೆ ಇದು ತುಸು ಮುಜುಗರದ ಸಂಗತಿಯಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಕುಡಿಯುವವನೊಡನೆ ವಾದಿಸುವುದರಿಂದ ಅವನು ಕುಡಿತದ ಪರವಾಗಿ ವಕಾಲತ್ತು ನಡೆಸುತ್ತಾನೆಯೇ ಹೊರತು ಬಿಡುವುದಿಲ್ಲ ಎಂಬುದನ್ನು ಎತ್ತಿ ತೋರಿಸಿದರು. ಬಿಡಬೇಕಾದ ಕಾರಣಗಳನ್ನು ಅವನ ಬಾಯಿಂದಲೇ ಬರಿಸಬೇಕು. ಮಗನೊಡನೆ ಜಗಳವಾಡಿ ಸೋತ ಯಾವ ತಂದೆಗೂ ಇದರ ಸತ್ಯ ತಿಳಿಯದೆ ಇರದು. ಈ ದಾರಿಯನ್ನೇ ಹಿಡಿದು ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಅಲನ್ ಮಾರ್ಲೆಟ್ ಮತ್ತು ಸಂಗಡಿಗರು, ಹೆಚ್ಚು ಕುಡಿಯುವ 348 ಮಂದಿ ಹೊಸ ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಅರ್ಧ ಮಂದಿಗೆ ಮೊದಲ ವರ್ಷದಲ್ಲಿ ಒಂದು ಮಾತುಕತೆ, ಅವರ ಕುಡಿತದ ಒಂದು ಚಿತ್ರ. ಎರಡು ವರ್ಷಗಳ ಮೇಲೆಯೂ ಆ ಗುಂಪಿನವರಲ್ಲಿ ಕುಡಿತದ ತೊಂದರೆಗಳು ಇತರರಿಗಿಂತ ಕಡಿಮೆಯಾಗಿದ್ದುವೆಂದು 1998ರ ವರದಿ ಹೇಳಿತು. ಮಾತನಾಡುವ ಮನುಷ್ಯನ ಜಾಗದಲ್ಲಿ ಗಣಕಯಂತ್ರವನ್ನು ಕೂಡಿಸುವುದಷ್ಟೇ ಇನ್ನು ಉಳಿದಿತ್ತು. 2004ರಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾನಿಲಯದಲ್ಲಿ ಕೈಪ್ ಕಿಪ್ರಿ ಅದನ್ನೂ ಮಾಡಿ ತೋರಿಸಿದರು.

ಫಲ ಎಷ್ಟು? ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಆಸ್ಟ್ರೇಲಿಯದ ಕರ್ಟಿನ್ ವಿಶ್ವವಿದ್ಯಾನಿಲಯದಲ್ಲಿ ಅಪಾಯದ ಮಟ್ಟದಲ್ಲಿ ಕುಡಿಯುತ್ತಿದ್ದ 2,435 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದ ವರದಿ 2009ರಲ್ಲಿ ಬಂದಿತು. ಪುಟವನ್ನು ಓದಿದವರು ಓದದವರಿಗಿಂತ ಒಂದು ತಿಂಗಳ ಮೇಲೆ ನೂರಕ್ಕೆ 17ರಷ್ಟು, ಆರು ತಿಂಗಳ ಮೇಲೆ 11ರಷ್ಟು ಕಡಿಮೆ ಕುಡಿದಿದ್ದರು. ಇದೇ ಕಾರ್ಯಕ್ರಮವನ್ನು ನ್ಯೂಜಿಲೆಂಡಿನ ಏಳು ವಿಶ್ವವಿದ್ಯಾನಿಲಯಗಳಿಗೆ ಹಬ್ಬಿಸಿ 3,422 ಮಂದಿಯ ಮೇಲೆ ನೋಡಿದಾಗ ಫಲ ಕುಗ್ಗಿತು. 2014ರ ಆ ವರದಿಯಂತೆ, ಐದು ತಿಂಗಳ ತರುವಾಯ ಒಂದು ಸಲಕ್ಕೆ ಕುಡಿಯುವ ಪ್ರಮಾಣ ಕೊಂಚ ತಗ್ಗಿತ್ತು. ಕುಡಿಯುವ ದಿನಗಳ ಸಂಖ್ಯೆಯಾಗಲಿ ಒಟ್ಟು ಮೊತ್ತವಾಗಲಿ ತಗ್ಗಿರಲಿಲ್ಲ. ಎಲ್ಲ ವಯಸ್ಸಿನವರ ಮೇಲೆ ನಡೆದ 57 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2017ರ ಕಾಕ್ರೇನ್ ಸಮೀಕ್ಷೆ ಕಂಡದ್ದು ವಾರಕ್ಕೆ ಸುಮಾರು 23 ಗ್ರಾಂ ಇಳಿತ. ನಮ್ಮ ಲೆಕ್ಕದಲ್ಲಿ ಅದು ಒಂದು ‘ನೈಂಟಿ’ಗಿಂತ ಕಡಿಮೆ. ಓರಗೆಯವರ ಅಂಕಿಗಳನ್ನು ತೋರಿಸುವುದರ ಫಲ ತೀರ ಚಿಕ್ಕದು, ಅದನ್ನು ನಂಬಿ ಕೂರಬಾರದು ಎಂದ ಸಮೀಕ್ಷೆಯೂ ಉಂಟು.

ಚಿಕ್ಕ ಫಲವೆಂದು ಎಸೆದುಬಿಡುವುದೇ? ಹಾಗೆನ್ನುವ ಮೊದಲು ಬೆಲೆಯನ್ನು ನೋಡಬೇಕು. ಒಬ್ಬ ಮನೋವೈದ್ಯರು ದಿನಕ್ಕೆ ಎಷ್ಟು ಹುಡುಗರೊಡನೆ ಮಾತನಾಡಬಲ್ಲರು? ಒಂದು ಪುಟವನ್ನು ಸಾವಿರ ಮಂದಿ ಒಂದೇ ರಾತ್ರಿ ಓದಬಲ್ಲರು. ಸಾವಿರದಲ್ಲಿ ಐವತ್ತು ಮಂದಿ ಶನಿವಾರದ ಕ್ವಾರ್ಟರನ್ನು ನೈಂಟಿಗೆ ಇಳಿಸಿ, ಬೈಕಿನ ಬೀಗದ ಕೈಯನ್ನು ಗೆಳೆಯನಿಗೆ ಕೊಟ್ಟರೆ ಅದೂ ಸಣ್ಣದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಮದ್ಯದ ಕಾರಣದಿಂದ ಜಗತ್ತಿನಲ್ಲಿ ಸತ್ತವರು 26 ಲಕ್ಷ. ಅದರ ಭಾರ ಇಪ್ಪತ್ತರಿಂದ ಮೂವತ್ತೊಂಬತ್ತರ ವಯಸ್ಸಿನವರ ಮೇಲೆ ಹೆಚ್ಚಾಗಿ ಬಿದ್ದಿದೆ.

“ಎಲ್ಲಾರೂ ಕುಡಿತಾರ”

ಈ ಕಾರ್ಯಕ್ರಮಗಳ ಬೆನ್ನೆಲುಬು ಒಂದು ವಿಚಿತ್ರ ಸಂಗತಿ. 1986ರಲ್ಲಿ ಅಮೆರಿಕದ ಪರ್ಕಿನ್ಸ್ ಮತ್ತು ಬರ್ಕೋವಿಟ್ಸ್ ಎಂಬ ಇಬ್ಬರು, ವಿದ್ಯಾರ್ಥಿಗಳು ತಮ್ಮ ಸಹಪಾಠಿಗಳ ಕುಡಿತವನ್ನು ಇರುವುದಕ್ಕಿಂತ ಹೆಚ್ಚೆಂದು ಊಹಿಸುತ್ತಾರೆ ಎಂಬುದನ್ನು ಕಂಡುಕೊಂಡರು. ಕುಡಿದು ಗದ್ದಲ ಮಾಡಿದವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕೋಣೆಯಲ್ಲಿ ಕುಳಿತು ಓದಿದವನನ್ನು ಯಾರೂ ನೋಡುವುದಿಲ್ಲ. “ಎಲ್ಲಾರೂ ಕುಡಿತಾರ” ಎಂಬ ಮಾತು ಹುಟ್ಟುವುದು ಹೀಗೆ. ನರಗುಂದದ ಬಸ್ ನಿಲ್ದಾಣದಲ್ಲಿಯೂ ಅದೇ ಮಾತು, ನ್ಯೂಯಾರ್ಕಿನಲ್ಲಿಯೂ ಅದೇ ಮಾತು.

ನಮ್ಮಲ್ಲಿ ಆ ಮಾತು ಇನ್ನೂ ದೊಡ್ಡ ಸುಳ್ಳು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ ಮದ್ಯ ಕುಡಿಯುವ ಗಂಡಸರು ನೂರಕ್ಕೆ 27.3, ಹೆಂಗಸರು 1.6. ಅನಂತರ 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹದಿನೈದು ವರ್ಷ ಮೇಲ್ಪಟ್ಟ ಗಂಡಸರಲ್ಲಿ 18.8 ಎಂದಿತು. ಎಣಿಸುವ ವಿಧಾನ ಬೇರೆಯಾದುದರಿಂದ ಅಂಕಿ ಬೇರೆಯಾದರೂ ಎರಡೂ ಹೇಳುವುದು ಒಂದೇ: ಕುಡಿಯದ ಗಂಡಸರೇ ಬಹುಮಂದಿ. ರೋಣದ ತರಗತಿಯೊಂದರಲ್ಲಿ ಕುಡಿಯುವ ನಾಲ್ಕು ಹುಡುಗರು ತಾವೇ ಲೋಕವೆಂದು ತಿಳಿದಿದ್ದರೆ, ಉಳಿದ ಮೂವತ್ತಾರು ಮಂದಿ ತಾವು ಲೋಕದ ಹೊರಗೆಂದು ಕೊರಗುತ್ತಿರಬಹುದು.

ಇದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಅಮೆರಿಕದ ಕಾರ್ಯಕ್ರಮವನ್ನು ಹಾಗೆಯೇ ಎತ್ತಿ ತಂದು ಗಜೇಂದ್ರಗಡದ ಹುಡುಗನ ಕೈಗೆ ಕೊಟ್ಟರೆ ಅನರ್ಥವಾದೀತು. ಅಲ್ಲಿ ಕುಡಿಯುವ ವಿದ್ಯಾರ್ಥಿಗಳೇ ಬಹಳ. ಅವರ ಸರಾಸರಿಯ ಪಕ್ಕದಲ್ಲಿ ನಮ್ಮವನು ನಿಂತರೆ, ‘ನಾನು ಏನೂ ಅಲ್ಲ’ ಎಂದು ಎದೆಯುಬ್ಬಿಸಿಕೊಂಡು ಹೊರಟಾನು! ಹೋಲಿಕೆಯ ಅಂಕಿ ಇಲ್ಲಿನದೇ ಆಗಿರಬೇಕು. ಅದಕ್ಕಾಗಿ ಆಯಾ ಕಾಲೇಜು ಹೆಸರಿಲ್ಲದ ಚೀಟಿಗಳಲ್ಲಿ ತನ್ನ ವಿದ್ಯಾರ್ಥಿಗಳನ್ನೇ ಕೇಳಿ ಎಣಿಸಿಕೊಳ್ಳಬೇಕಾಗುತ್ತದೆ. ಹಾಗೆಯೇ ನಮ್ಮ ಕುಡಿತದ ರೀತಿಯೂ ಬೇರೆ. ಭಾರತದಲ್ಲಿ ಲೆಕ್ಕಕ್ಕೆ ಸಿಕ್ಕುವ ಮದ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ವಿಸ್ಕಿ, ರಮ್ಮಿನಂತಹ ಕಡು ಮದ್ಯ. ಕುಡಿಯುವವರು ಕಡಿಮೆ, ಕುಡಿದರೆ ಅಮಲೇರುವ ತನಕ.

ಇಳಕಲ್ಲಿನ ಜೋಳಿಗೆ

ಅಂತರ್ಜಾಲದ ಮಾತು ಬರುವುದಕ್ಕೆ ಬಹಳ ಮೊದಲೇ ಈ ಸೀಮೆಯಲ್ಲಿ ಒಂದು ಪ್ರಯೋಗ ನಡೆದಿತ್ತು. ಗಜೇಂದ್ರಗಡದಿಂದ ಬಹುದೂರವೇನಲ್ಲದ ಇಳಕಲ್ಲಿನಲ್ಲಿ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಸ್ವಾಮಿಗಳ ಜೋಳಿಗೆಗೆ ಜನ ಕಾಳು ಹಾಕುವುದು ವಾಡಿಕೆ. ಇವರು ಬೇಡಿದ್ದು ಚಟಗಳನ್ನು. ಕುಡಿತ, ಬೀಡಿ, ಜೂಜು, ಯಾವುದಾದರೂ ಸರಿ, ಈ ಜೋಳಿಗೆಗೆ ಹಾಕಿ ಎಂದು ಓಣಿ ಓಣಿ, ಮನೆ ಮನೆ ತಿರುಗಿದರು. ಸೆರೆಮನೆಯ ಭಯವಿಲ್ಲ, ನರಕದ ಭಯವಿಲ್ಲ. ಬಾಗಿಲಿಗೆ ಬಂದ ಜಂಗಮನನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ನಮ್ಮ ಜನರ ಸಂಕೋಚವೇ ಅಲ್ಲಿ ಮದ್ದು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ‘ವ್ಯಸನಮುಕ್ತ ದಿನ’ವೆಂದು ಆಚರಿಸುತ್ತದೆ.

ಕಾನೂನಿನ ಬಲದಿಂದ ನಡೆದ ಪ್ರಯತ್ನಗಳನ್ನೂ ಈ ಊರುಗಳು ಕಂಡಿವೆ. ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, 1950ರಿಂದ, ಇಲ್ಲಿ ಸಂಪೂರ್ಣ ಪಾನನಿಷೇಧ. 1967ರಲ್ಲಿ ಮೈಸೂರು ರಾಜ್ಯ ನಿಷೇಧವನ್ನು ತೆಗೆಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು; ಅದರ ಜಾಗಕ್ಕೆ ಟೆಟ್ರಾ ಪ್ಯಾಕೆಟ್ಟು ಬಂದು ಕುಳಿತಿತು. 21 ವರ್ಷ ತುಂಬದವರಿಗೆ ಮದ್ಯ ಮಾರಬಾರದೆಂಬ ನಿಯಮ ರಾಜ್ಯದಲ್ಲಿದೆ. ಅದನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಹೊರಬಿದ್ದು, ಜನರ ವಿರೋಧದಿಂದ ಅದೇ ತಿಂಗಳು ಹಿಂದೆಗೆಯಲ್ಪಟ್ಟಿತು. ಪದವಿ ತರಗತಿಯ ಬಹುಪಾಲು ಹುಡುಗರು 21ರ ಕೆಳಗಿನವರು. ಅಂಗಡಿಯವನು ಪ್ರಾಯವನ್ನು ಕೇಳುತ್ತಾನೆಯೇ ಎಂಬುದು ಅಂಗಡಿಯವನಿಗೇ ಗೊತ್ತು.

ಜೋಳಿಗೆಗೂ ಫೋನಿನ ಪುಟಕ್ಕೂ ಹೋಲಿಕೆ ಬಲು ಹತ್ತಿರ: ಎರಡೂ ಚಿಕ್ಕ ಭೇಟಿಗಳು, ಎರಡರಲ್ಲಿಯೂ ಗದರಿಕೆಯಿಲ್ಲ. ಆದರೆ ಭೇದವೂ ಅಷ್ಟೇ ದೊಡ್ಡದು. ಜೋಳಿಗೆಗೆ ಚಟವನ್ನು ಹಾಕುವುದು ಓಣಿಯ ಜನರ ಕಣ್ಣೆದುರಿನಲ್ಲಿ. ಮಾತು ತಪ್ಪಿದರೆ ಓಣಿ ನೋಡುತ್ತದೆ. ಅದೇ ಅದರ ಬಲ. ಪುಟದ ಮುಂದೆ ಹುಡುಗ ಒಬ್ಬನೇ, ಯಾರೂ ನೋಡುವುದಿಲ್ಲ. ಅದೇ ಅದರ ಬಲ, ಅದೇ ಅದರ ದೌರ್ಬಲ್ಯ. ಸಂಸಾರಸ್ಥನಾದ ನಲವತ್ತರ ಗಂಡಸಿಗೆ ಮೊದಲಿನದು ಒಗ್ಗೀತು. ತಾನು ಕುಡುಕನೆಂದು ಇನ್ನೂ ಒಪ್ಪಿಕೊಳ್ಳದ, ಒಪ್ಪಿಕೊಳ್ಳಬೇಕಾದ ಕಾರಣವೂ ಇಲ್ಲದ ಹತ್ತೊಂಬತ್ತರ ಹುಡುಗ ಯಾವ ಜೋಳಿಗೆಯ ಮುಂದೆಯೂ ಬಂದು ನಿಲ್ಲುವುದಿಲ್ಲ. ಅವನಿಗೆ ಎರಡನೆಯದೇ ಸರಿ.

‘ಕುಡಿಯಲೇಬೇಡ ಎನ್ನುವುದನ್ನು ಬಿಟ್ಟು ಕಡಿಮೆ ಕುಡಿ ಎನ್ನುವುದು ಯಾವ ನೀತಿ?’ ಎಂದು ಮನೆಯ ಹಿರಿಯರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮದ್ಯಕ್ಕೆ ‘ಇಷ್ಟಾದರೆ ಅಪಾಯವಿಲ್ಲ’ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಸ್ಪಷ್ಟಪಡಿಸಿದೆ. ಒಳ್ಳೆಯ ಕಾರ್ಯಕ್ರಮ ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಮಾತನಾಡುತ್ತಿರುವುದು ‘ಕುಡಿಯಲೇಬೇಡ’ ಎಂಬ ಮಾತನ್ನು ಹತ್ತು ವರ್ಷದ ಪ್ರಾಯದಿಂದ ಕೇಳಿಯೂ ಕುಡಿದವನೊಡನೆ. ಅವನ ಕಿವಿಗೆ ಆ ಮಾತು ಹಳೆಯದಾಗಿದೆ. ಅವನ ಸ್ವಂತ ಅಂಕಿ ಹೊಸದು.

ನೆರೆಯ ಗೋವೆಯಲ್ಲಿ, ಮಹದಾಯಿ ನೀರಿಗಾಗಿ ನರಗುಂದದ ರೈತರು 2015ರಿಂದ ಯಾವ ರಾಜ್ಯದೊಡನೆ ಹಗ್ಗ ಜಗ್ಗಿದರೋ ಅದೇ ಗೋವೆಯಲ್ಲಿ, ‘ಸಂಗಾತ್’ ಎಂಬ ಸಂಸ್ಥೆ ಇದಕ್ಕೆ ಸಮೀಪದ ಇನ್ನೊಂದು ಕೆಲಸ ಮಾಡಿತು. ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕುಡಿತದ ತೊಂದರೆಯಿದ್ದ ಗಂಡಸರೊಡನೆ ಹೆಚ್ಚೆಂದರೆ ನಾಲ್ಕು ಸಲ ಮಾತನಾಡಿಸಿತು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಮೂರು ತಿಂಗಳ ತರುವಾಯ ಅಪಾಯದ ಗೆರೆಯಿಂದ ಕೆಳಗಿಳಿದವರು ನೂರಕ್ಕೆ 36; ಆ ಮಾತುಕತೆ ದೊರೆಯದ ಗುಂಪಿನಲ್ಲಿ 26. ಅಂತರ್ಜಾಲದ ಪುಟದ ವಿಷಯದಲ್ಲಿಯೂ ನಮ್ಮ ದೇಶ ತೀರ ಹೊರಗೆ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬೆಲಾರುಸ್, ಬ್ರೆಜಿಲ್, ಮೆಕ್ಸಿಕೋಗಳೊಡನೆ ಭಾರತದಲ್ಲಿಯೂ ಇಂತಹ ಪುಟವನ್ನು ಪ್ರಯೋಗಿಸಿತು; ಇಲ್ಲಿ ಅದನ್ನು ನಡೆಸಿದ್ದು ದೆಹಲಿಯ ಅದೇ ವೈದ್ಯವಿಜ್ಞಾನ ಸಂಸ್ಥೆ.

ಪುಟದ ಆಚೆಗೆ

ಹತ್ತು ಪ್ರಶ್ನೆಗಳ ನಡುವಿನ ಆ ಮೂರು ಪ್ರಶ್ನೆಗಳನ್ನು ಮರೆಯಬಾರದು. ಬೆಳಗ್ಗೆ ಎದ್ದೊಡನೆ ಬೇಕೆನಿಸುತ್ತದೆ, ಬಿಟ್ಟ ದಿನ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಬರುವುದಿಲ್ಲ ಎನ್ನುವವನಿಗೆ ಹತ್ತು ನಿಮಿಷದ ಪುಟ ಸಾಲದು. ಅಷ್ಟೇ ಅಲ್ಲ, ಅಂಥವನು ಅದನ್ನು ಓದಿ ಹುರುಪಿನಿಂದ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ, ಬುದ್ಧಿ ಭ್ರಮಣೆಯಾಗುವ ಅಪಾಯವುಂಟು. ಅವನು ಡಾಕ್ಟರರ ಕಣ್ಣಳತೆಯಲ್ಲಿಯೇ ಬಿಡಬೇಕು. ಗದಗಿನಲ್ಲಿ ಸರಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಮೊದಲು ಫೋನಿನಲ್ಲಿಯೇ ಮಾತನಾಡಿ ನೋಡೋಣ ಎನ್ನುವವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನ, ಸಂಖ್ಯೆ 14416, ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಒಳ್ಳೆಯ ಪುಟವು ಇಂತಹ ಅಂಕ ಬಂದ ಹುಡುಗನಿಗೆ ಲೆಕ್ಕವನ್ನು ತೋರಿಸಿ ಬಿಡದೆ ಈ ಸಂಖ್ಯೆಯನ್ನು ಎದುರಿಗೆ ಇಡಬೇಕು.

ಮೂರು ಊರುಗಳ ಕಾಲೇಜುಗಳು ಇದನ್ನು ಕೈಗೆತ್ತಿಕೊಳ್ಳುವುದಾದರೆ ಖರ್ಚಿಗಿಂತ ಬಿಗಿ ಬೇಕಾದದ್ದು ಗುಟ್ಟನ್ನು ಕಾಯುವುದರಲ್ಲಿ. ಹುಡುಗನ ಹೆಸರು, ಕ್ರಮಸಂಖ್ಯೆ, ಫೋನಿನ ಸಂಖ್ಯೆ ಯಾವುದನ್ನೂ ಪುಟ ಕೇಳಕೂಡದು. ಪ್ರಾಂಶುಪಾಲರಿಗೆ ಕಾಣಬೇಕಾದದ್ದು ಒಟ್ಟು ಲೆಕ್ಕ ಮಾತ್ರ. ಒಬ್ಬನೇ ಒಬ್ಬ ಹುಡುಗನ ಉತ್ತರ ಅವನ ಮನೆಗೆ ತಲುಪಿತೆಂದರೆ ಮರುದಿನದಿಂದ ಎಲ್ಲರ ಅಂಕವೂ ಸೊನ್ನೆಯೇ ಆಗುತ್ತದೆ. ಕಾಲವೂ ಮುಖ್ಯ. ಮೊದಲ ವರ್ಷದ ಪ್ರವೇಶದ ತಿಂಗಳುಗಳಲ್ಲಿ, ಗೆಳೆತನಗಳು ಇನ್ನೂ ಗಟ್ಟಿಯಾಗದೆ ಇರುವಾಗ, ಶನಿವಾರದ ಕೂಟಕ್ಕೆ ಮೊದಲ ಕರೆ ಬರುವ ಹೊತ್ತಿಗೆ ಆ ಪುಟ ಹುಡುಗನ ಕೈಗೆ ಬಂದಿರಬೇಕು.

ಭಾಷೆಯ ಮಾತೂ ಒಂದಿದೆ. ಗ್ರಂಥಸ್ಥ ಕನ್ನಡದಲ್ಲಿ ‘ತಾವು ಪ್ರತಿ ಸಂದರ್ಭದಲ್ಲಿ ಎಷ್ಟು ಪ್ರಮಾಣಿತ ಪೇಯಗಳನ್ನು ಸೇವಿಸುತ್ತೀರಿ?’ ಎಂದು ಕೇಳಿದರೆ ರೋಣದ ಹುಡುಗ ನಕ್ಕು ಪುಟವನ್ನು ಮುಚ್ಚುತ್ತಾನೆ. ಪ್ರಮಾಣಿತ ಪೇಯವೆಂಬುದನ್ನು ಅವನ ಊರಿನ ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ‘ಒಂದ್ ಸಲಕ್ಕ ಎಷ್ಟ್ ನೈಂಟಿ?’ ಎಂದು ಕೇಳಿ, ನೈಂಟಿಯ ಪ್ಯಾಕೆಟ್ಟು, ಕ್ವಾರ್ಟರು, ಬೀರಿನ ಬಾಟಲಿಗಳ ಚಿತ್ರಗಳನ್ನು ಪಕ್ಕದಲ್ಲಿ ಇಟ್ಟರೆ ಸಾಕು. ಮೂರರಿಂದ ಗುಣಿಸುವ ಕೆಲಸವನ್ನು ಯಂತ್ರ ನೋಡಿಕೊಳ್ಳುತ್ತದೆ.